‘ಬೈಂಡ್’ ಎಂಬ ಕಟ್ಟು ಬಿಚ್ಚಿ ನೋಡಿದರೆ

ಕೆಲಸಕ್ಕೆ ಸೇರುವಾಗ, ಮನೆ ಬಾಡಿಗೆಗೆ ಹಿಡಿಯುವಾಗ, ಫೋನಿಗೆ ಹೊಸ ಆ್ಯಪ್ ಹಾಕಿಕೊಳ್ಳುವಾಗ ಉದ್ದನೆಯ ಇಂಗ್ಲಿಷ್ ಕರಾರೊಂದು ಎದುರಿಗೆ ಬರುತ್ತದೆ. ಅದರ ಕೊನೆಯ ಪುಟಗಳಲ್ಲಿ ಎಲ್ಲೋ ಒಂದು ಕಡೆ ‘ಬೈಂಡಿಂಗ್’ ಎಂಬ ಮಾತು ಇದ್ದೇ ಇರುತ್ತದೆ. ಈ ಒಪ್ಪಂದ ಎರಡೂ ಕಡೆಯವರಿಗೆ ಬೈಂಡಿಂಗ್, ಅವರ ವಾರಸುದಾರರಿಗೂ ಬೈಂಡಿಂಗ್. ಸುದ್ದಿ ತೆರೆದರೆ ವಿಶ್ವಸಂಸ್ಥೆಯ ನಿರ್ಣಯವೊಂದು ‘ನಾನ್-ಬೈಂಡಿಂಗ್’ ಎಂದಿರುತ್ತದೆ. ಪ್ರಾಜೆಕ್ಟ್ ವರದಿ ಮುಗಿದ ಮೇಲೆ ಅದನ್ನು ‘ಸ್ಪೈರಲ್ ಬೈಂಡಿಂಗ್’ಗೆ ಕೊಡುತ್ತೇವೆ. ಹಾಳೆಗೆ ಆಗುವುದೂ ಬೈಂಡಿಂಗ್, ಸಹಿ ಹಾಕಿದ ಮನುಷ್ಯನಿಗೆ ಆಗುವುದೂ ಬೈಂಡಿಂಗ್.

ಒಂದೇ ಪದ ಇಷ್ಟು ದೂರದ ಕೆಲಸಗಳಿಗೆ ಹೇಗೆ ಹೋಯಿತು, ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಕೆಲಸ. ಕನ್ನಡ ಓದುವವರಿಗೆ ಇದರಲ್ಲೊಂದು ವಿಶೇಷ ಅನುಕೂಲವೂ ಇದೆ. ಈ ಪದ ನಮಗೆ ಪರಕೀಯವಲ್ಲ. ಬಂಧನ, ಸಂಬಂಧ, ಬದ್ಧ ಎಂದು ನಾವು ದಿನವೂ ಆಡುವ ಮಾತುಗಳ ದೂರದ ದಾಯಾದಿ ಅದು. ಆ ನಂಟು ತಿಳಿದರೆ ಕರಾರಿನ ‘ಬೈಂಡಿಂಗ್’ ಅರ್ಧ ಅರ್ಥವಾದಂತೆಯೇ.

ಕಟ್ಟುವುದಕ್ಕೆ ಇಷ್ಟೊಂದು ಪದ ಯಾಕೆ

ಇಂಗ್ಲಿಷಿನಲ್ಲಿ ಕಟ್ಟುವ, ಬಿಗಿಯುವ, ಜೋಡಿಸುವ ಕೆಲಸಕ್ಕೆ ಹಲವು ಕ್ರಿಯಾಪದಗಳಿವೆ. ಅವು ಒಂದೇ ಅಲ್ಲ.

‘ಟೈ’ ಎಂದಾಗ ಕಣ್ಣು ಹೋಗುವುದು ಗಂಟಿನ ಕಡೆಗೆ. ಶೂ ಲೇಸಿಗೆ ಹಾಕುವುದು ಟೈ. ಇದರ ಹಿಂದಿರುವುದು ಹಗ್ಗವನ್ನು ಸೂಚಿಸುವ ಹಳೆಯ ಪದ, ಅದರ ಹಿಂದೆ ‘ಎಳೆ’ ಎಂಬ ಅರ್ಥದ ಧಾತು. ಕೆಟ್ಟುನಿಂತ ಗಾಡಿಯನ್ನು ‘ಟೋ’ ಮಾಡುವ ಟೋ ಕೂಡ ಅದೇ ಮನೆಯದು. ‘ಟೀಮ್’ ಕೂಡ ಅಷ್ಟೇ. ಮೊದಲಿಗೆ ಅದು ಒಟ್ಟಿಗೆ ಹೂಡಿದ ಎಳೆಯುವ ಪ್ರಾಣಿಗಳ ಹೆಸರಾಗಿತ್ತು.

‘ಫಾಸನ್’ ಗಟ್ಟಿಯಾಗಿ ಕೂರಿಸುವುದು. ಸೀಟ್ ಬೆಲ್ಟ್ ಹಾಕಿಕೊಳ್ಳಿ ಎನ್ನುವಾಗ ಬರುವ ಪದ ಇದು. ಅದರೊಳಗಿರುವ ‘ಫಾಸ್ಟ್’ ಎಂಬುದಕ್ಕೆ ಮೂಲದಲ್ಲಿ ವೇಗ ಎಂಬ ಅರ್ಥವಿರಲಿಲ್ಲ, ಅಲುಗದ್ದು, ಗಟ್ಟಿಯಾದದ್ದು ಎಂಬ ಅರ್ಥವಿತ್ತು. ಗಾಢ ನಿದ್ದೆಗೆ ‘ಫಾಸ್ಟ್ ಅಸ್ಲೀಪ್’ ಎನ್ನುವುದರಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ‘ಅಟ್ಯಾಚ್’ ಫ್ರೆಂಚ್ ದಾರಿಯಲ್ಲಿ ಬಂದದ್ದು, ಅದರ ಬುಡದಲ್ಲಿ ಇರುವುದು ಗೂಟ. ಗೂಟಕ್ಕೆ ಕಟ್ಟುವುದೇ ಅಟ್ಯಾಚ್. ಇಮೇಲಿಗೆ ಫೈಲ್ ಅಟ್ಯಾಚ್ ಮಾಡುವಾಗ ನಾವು ಮಾಡುವುದು ಹೆಚ್ಚೂಕಡಿಮೆ ಅದನ್ನೇ.

‘ಬೈಂಡ್’ ಇವೆಲ್ಲಕ್ಕಿಂತ ಬೇರೆ. ಇಲ್ಲಿ ಮುಖ್ಯವಾದದ್ದು ಗಂಟೂ ಅಲ್ಲ, ಗೂಟವೂ ಅಲ್ಲ, ಸುತ್ತು. ಹಗ್ಗವೋ ಬಟ್ಟೆಯೋ ಒಂದರ ಸುತ್ತ ಬಂದು ಬಿಗಿಯುತ್ತದೆ. ಸುತ್ತಿ ಬಿಗಿದಾಗ ಎರಡು ಫಲ ಸಿಗುತ್ತವೆ. ಚದುರಿದ್ದವು ಒಂದಾಗಿ ನಿಲ್ಲುತ್ತವೆ, ಅದು ಒಂದು. ಒಳಗಿರುವುದು ಹೊರಗೆ ಹೋಗಲಾರದು, ಅದು ಇನ್ನೊಂದು. ಸೌದೆ ಹೊರೆಯ ಹಗ್ಗದಲ್ಲಿ ಮೊದಲನೆಯದು ಕಾಣುತ್ತದೆ, ಕಳ್ಳನ ಕೈಗೆ ಬಿಗಿದ ಹಗ್ಗದಲ್ಲಿ ಎರಡನೆಯದು. ಹಗ್ಗ ಒಂದೇ. ‘ಬೈಂಡ್’ನ ಎಲ್ಲ ಅರ್ಥಗಳೂ ಈ ಎರಡು ಫಲಗಳಿಂದ ಕವಲೊಡೆದವು ಎಂದರೆ ತಪ್ಪಾಗದು.

ನಮ್ಮ ‘ಕಟ್ಟು’ ಕೂಡ ಇದೇ ದಾರಿ ಹಿಡಿದಿದೆ. ಗಾಯಕ್ಕೆ ಪಟ್ಟಿ ಕಟ್ಟುತ್ತೇವೆ, ಹಸುವನ್ನು ಕಟ್ಟುತ್ತೇವೆ, ಪತ್ರಗಳ ಕಟ್ಟು ಇಡುತ್ತೇವೆ. ಆಮೇಲೆ ಹಗ್ಗವೇ ಇಲ್ಲದ ಕಡೆಗೂ ಪದ ಹೋಯಿತು: ಕಟ್ಟುಪಾಡು, ಕಟ್ಟಳೆ, ಕಟ್ಟುನಿಟ್ಟು. ‘ಕಟ್ಟು’ ದ್ರಾವಿಡ ಪದ, ‘ಬೈಂಡ್’ಗೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೂ ಎರಡೂ ಹಗ್ಗದಿಂದ ನಿಯಮಕ್ಕೆ ಹೋದವು. ಕಟ್ಟಿಸಿಕೊಂಡ ಅನುಭವ ಎಲ್ಲ ಕಡೆಯ ಮನುಷ್ಯರಿಗೂ ಒಂದೇ ಆಗಿದ್ದುದರಿಂದ ಹೀಗಾಗಿರಬೇಕು ಎಂದು ನನಗನ್ನಿಸುತ್ತದೆ.

ಪುಸ್ತಕದ ಬೆನ್ನಿನೊಳಗೆ

ಈ ಪದವನ್ನು ಕಣ್ಣಾರೆ ನೋಡಬೇಕೆಂದರೆ ಬೆನ್ನು ಕಿತ್ತುಹೋದ ಹಳೆಯ ದಪ್ಪ ಪುಸ್ತಕವೊಂದು ಸಾಕು. ನನ್ನ ಹತ್ತಿರ ಅಂಥದೊಂದು ನಿಘಂಟಿದೆ. ಬೆನ್ನಿನ ಬಟ್ಟೆ ಸುಲಿದುಹೋಗಿ ಒಳಗಿನ ಹೊಲಿಗೆ ಹೊರಗೆ ಕಾಣುತ್ತದೆ.

ಹತ್ತಿರದಿಂದ ನೋಡಿದರೆ ಅದು ಬಿಡಿ ಹಾಳೆಗಳ ರಾಶಿಯಲ್ಲ. ದೊಡ್ಡ ಹಾಳೆಯೊಂದನ್ನು ಮಡಚಿ ಮಡಚಿ ಮಾಡಿದ ಸಣ್ಣ ಸಣ್ಣ ಕಂತೆಗಳು. ಮುದ್ರಣದವರು ಇದನ್ನು ಫಾರಂ ಎನ್ನುತ್ತಾರೆ, ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. ದಾರ ಮಡಿಕೆಯ ನಡುವಿನಿಂದ ಒಳಗೆ ಹೋಗುತ್ತದೆ, ಮಡಿಕೆಯುದ್ದಕ್ಕೂ ಸಾಗಿ ಇನ್ನೊಂದು ತೂತಿನಿಂದ ಹೊರಗೆ ಬರುತ್ತದೆ, ಬೆನ್ನಿಗೆ ಅಡ್ಡಲಾಗಿ ಇಟ್ಟ ಪಟ್ಟಿಯನ್ನು ಬಳಸಿಕೊಂಡು ಮತ್ತೆ ಒಳಗೆ ನುಗ್ಗುತ್ತದೆ. ತುದಿಗೆ ಬಂದಾಗ ಕೆಳಗಿನ ಫಾರಂನ ದಾರಕ್ಕೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡು ಮುಂದಿನ ಫಾರಂಗೆ ಏರುತ್ತದೆ. ಒಂದು ಕಡೆ ಬೆರಳಿಟ್ಟು ದಾರವನ್ನು ಸ್ವಲ್ಪ ಎಳೆದರೆ ನಾಲ್ಕೈದು ಫಾರಂಗಳಾಚೆಗೂ ಬಿಗಿತ ಗೊತ್ತಾಗುತ್ತದೆ. ಪ್ರತಿ ಪುಟವೂ ಪಕ್ಕದ ಪುಟವನ್ನು ಹಿಡಿದುಕೊಂಡಿದೆ, ಪಕ್ಕದ್ದು ಇದನ್ನು ಹಿಡಿದುಕೊಂಡಿದೆ. ಮೇಲೆ ಹೇಳಿದ ಎರಡೂ ಫಲಗಳು, ಒಟ್ಟಿಗೆ ಇಡುವುದು ಮತ್ತು ಬಿಟ್ಟುಹೋಗದಂತೆ ತಡೆಯುವುದು, ಇಲ್ಲಿ ಒಂದೇ ದಾರದಲ್ಲಿ ಇವೆ.

ಹೊಲಿದು ಕಟ್ಟುವ ಈ ವಿದ್ಯೆ ಬಹಳ ಹಳೆಯದು. ಬ್ರಿಟಿಷ್ ಲೈಬ್ರರಿಯಲ್ಲಿರುವ ಸೇಂಟ್ ಕತ್‌ಬರ್ಟ್ ಗಾಸ್ಪೆಲ್ ಎಂಬ ಚಿಕ್ಕ ಹಸ್ತಪ್ರತಿ 8ನೇ ಶತಮಾನದ ಆರಂಭದ್ದು. ಯುರೋಪಿನ ಪುಸ್ತಕಗಳಲ್ಲಿ ಮೂಲ ಬೈಂಡಿಂಗ್ ಕೆಡದೆ ಉಳಿದಿರುವವುಗಳಲ್ಲಿ ಅದೇ ಅತ್ಯಂತ ಹಳೆಯದು. ಈಗಿನ ಬಹುಪಾಲು ಪೇಪರ್‌ಬ್ಯಾಕ್‌ಗಳಲ್ಲಿ ದಾರವೇ ಇಲ್ಲ. ಮಡಿಕೆಯನ್ನು ಕತ್ತರಿಸಿ ತೆಗೆದು, ಹಾಳೆಗಳ ಅಂಚಿಗೆ ಬಿಸಿ ಅಂಟು ಸವರಿ ರಟ್ಟು ಕೂರಿಸುತ್ತಾರೆ. ಅದಕ್ಕೆ ‘ಪರ್ಫೆಕ್ಟ್ ಬೈಂಡಿಂಗ್’ ಎಂಬ ಹೆಸರು. ದಾರ ಹೋಯಿತು, ಸುತ್ತು ಹೋಯಿತು, ‘ಬೈಂಡಿಂಗ್’ ಮಾತ್ರ ಉಳಿಯಿತು.

ಭೆಂಧ್ ಎಂಬ ಬೇರು

ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ‘ಬಿಂದನ್’. ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಇವತ್ತಿಗೂ ಬಹುಮಟ್ಟಿಗೆ ಹಾಗೇ ಇದೆ. 4ನೇ ಶತಮಾನದಲ್ಲಿ ಬೈಬಲ್ ಅನುವಾದವಾದ ಗೋಥಿಕ್ ಭಾಷೆಯಲ್ಲೂ ಅದೇ ರೂಪ. ಇವೆಲ್ಲ ಜರ್ಮಾನಿಕ್ ಎಂಬ ಒಂದೇ ಕುಟುಂಬದ ಭಾಷೆಗಳು.

ಈ ಕುಟುಂಬದ ಇನ್ನೂ ದೊಡ್ಡ ಮನೆ ಇಂಡೋ-ಯುರೋಪಿಯನ್. ಸಂಸ್ಕೃತ, ಪರ್ಷಿಯನ್, ಗ್ರೀಕ್, ಲ್ಯಾಟಿನ್ ಎಲ್ಲವೂ ಅದರ ಕವಲುಗಳು. ಇವುಗಳ ನಡುವಿನ ಹೋಲಿಕೆ ಆಕಸ್ಮಿಕವಾಗಿರಲಾರದು, ಎಲ್ಲಕ್ಕೂ ಒಂದು ಸಮಾನ ಮೂಲ ಇರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು ಪ್ರಸಿದ್ಧವಾಗಿದೆ. ಆ ಮೂಲಭಾಷೆ ಬರಹದಲ್ಲಿ ಉಳಿದಿಲ್ಲ. ಮಗಳು-ಮೊಮ್ಮಗಳು ಭಾಷೆಗಳನ್ನು ಹೋಲಿಸಿ ಅದರ ಪದಗಳನ್ನು ಊಹಿಸಿ ಕಟ್ಟುತ್ತಾರೆ. ಹೀಗೆ ಕಟ್ಟಿದ ಒಂದು ಧಾತು ‘ಭೆಂಧ್’, ಅರ್ಥ ಕಟ್ಟು.

ಈ ಧಾತುವಿನಲ್ಲಿ ಎರಡು ಮಹಾಪ್ರಾಣಗಳಿವೆ, ಮೊದಲು ಭ, ಕೊನೆಗೆ ಧ. ಒಂದೊಂದು ಭಾಷೆ ಅವನ್ನು ಒಂದೊಂದು ರೀತಿ ನಡೆಸಿಕೊಂಡಿತು. ಜರ್ಮಾನಿಕ್ ಕವಲಿನಲ್ಲಿ ಎರಡೂ ಅಲ್ಪಪ್ರಾಣವಾದವು, ಅದರಿಂದ ‘ಬಿಂದ್’. ಇಂಥ ಬದಲಾವಣೆಗಳು ಮನಬಂದಂತೆ ಆದವಲ್ಲ, ನಿಯಮಬದ್ಧವಾಗಿ ಆದವು ಎಂದು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ. ಸಂಸ್ಕೃತ ಹಿಡಿದದ್ದು ಬೇರೆ ದಾರಿ. ಒತ್ತೊತ್ತಿಗೆ ಎರಡು ಮಹಾಪ್ರಾಣ ಬಂದರೆ ಉಚ್ಚರಿಸುವುದು ಕಷ್ಟ, ಹಾಗಾಗಿ ಮೊದಲನೆಯದು ಮೆತ್ತಗಾಯಿತು: ‘ಬಂಧ್’. ಗ್ರೀಕಿನಲ್ಲೂ ಮೊದಲನೆಯದೇ ಮೆತ್ತಗಾಯಿತು. ಇದನ್ನು ತೋರಿಸಿಕೊಟ್ಟವನು ಹೆರ್ಮನ್ ಗ್ರಾಸ್‌ಮನ್, 1863ರಲ್ಲಿ.

ಮೊದಲಿಗೆ ಅಲ್ಲಿ ‘ಭ’ ಇತ್ತು ಎನ್ನುವುದಕ್ಕೆ ಏನು ಸಾಕ್ಷಿ? ಸಾಕ್ಷಿ ಸಂಸ್ಕೃತದೊಳಗೇ ಇದೆ. ‘ಬಂಧ್’ ಧಾತುವಿನ ಭವಿಷ್ಯತ್ ರೂಪ ‘ಭಂತ್ಸ್ಯತಿ’, ಅಂದರೆ ಕಟ್ಟುವನು. ಮುಂದೆ ‘ಸ್ಯ’ ಬಂದದ್ದರಿಂದ ಕೊನೆಯ ‘ಧ’ ತನ್ನ ಮಹಾಪ್ರಾಣ ಕಳೆದುಕೊಂಡು ‘ತ’ ಆಯಿತು. ಕೊನೆಯದು ಹೋದ ತಕ್ಷಣ ಮೊದಲನೆಯದರ ಬಾಯಿಗೆ ಹಾಕಿದ್ದ ಬೀಗ ತೆರೆಯಿತು, ‘ಬ’ ಮತ್ತೆ ‘ಭ’ ಆಯಿತು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಈ ಬಗೆಯ ಬದಲಾವಣೆಗೆಂದೇ ಒಂದು ಸೂತ್ರವಿದೆ. ಭಾಷೆ ತನ್ನ ಹಳೆಯ ಗುಟ್ಟನ್ನು ಹೀಗೆ ಒಂದು ಕ್ರಿಯಾರೂಪದ ಮೂಲೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವುದನ್ನು ಕಂಡಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ನಮ್ಮ ಬಾಯಲ್ಲಿರುವ ದಾಯಾದಿಗಳು

ಈ ‘ಬಂಧ್’ ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದು ಎಷ್ಟು ಹರಡಿದೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಬಂಧನ, ಬಂಧು, ಬಾಂಧವ್ಯ, ಸಂಬಂಧ, ನಿರ್ಬಂಧ, ಪ್ರತಿಬಂಧ, ನಿಬಂಧನೆ, ಅನುಬಂಧ. ಚೆನ್ನಾಗಿ ಹೆಣೆದು ಕಟ್ಟಿದ ಬರಹ ಪ್ರಬಂಧ. ಬಂಧುವೆಂದರೆ ನಮ್ಮೊಂದಿಗೆ ಕಟ್ಟಿಕೊಂಡವನು. ಗ್ರೀಕಿನಲ್ಲಿ ಇದೇ ಧಾತುವಿನಿಂದ ಬಂದ ‘ಪೆಂಥೆರೋಸ್’ ಎಂದರೆ ಮಾವ, ಮದುವೆಯಿಂದ ಕಟ್ಟಿಕೊಂಡ ನೆಂಟ. ಲಿಥುವೇನಿಯನ್ ಭಾಷೆಯ ‘ಬೆಂದ್ರಸ್’ ಎಂದರೆ ಸಂಗಾತಿ, ಎಲ್ಲರಿಗೂ ಸೇರಿದ್ದು.

‘ಬದ್ಧ’ ಎಂಬುದು ಇದೇ ಧಾತುವಿಗೆ ‘ತ’ ಪ್ರತ್ಯಯ ಸೇರಿ ಆದದ್ದು, ಅರ್ಥ ಕಟ್ಟಲ್ಪಟ್ಟ. ಇಂಗ್ಲಿಷಿನ ‘ಬೌಂಡ್’ ಮಾಡುವ ಕೆಲಸವನ್ನೇ ಕನ್ನಡದಲ್ಲಿ ‘ಬದ್ಧ’ ಮಾಡುತ್ತದೆ. ಮಾತಿಗೆ ಬದ್ಧ, ಕಾನೂನುಬದ್ಧ, ಛಂದೋಬದ್ಧ. ಮಲಬದ್ಧತೆಯೂ ಅದೇ ‘ಬದ್ಧ’. ಇಂಗ್ಲಿಷಿನಲ್ಲೂ ಮಲ ಕಟ್ಟಿಸುವ ಆಹಾರಕ್ಕೆ ‘ಬೈಂಡಿಂಗ್’ ಎನ್ನುವ ವೈದ್ಯಕೀಯ ಬಳಕೆ ಇದೆ.

ಕನ್ನಡಕ್ಕೆ ಈ ಧಾತು ಇನ್ನೊಂದು ಬಾಗಿಲಿನಿಂದಲೂ ಬಂದಿದೆ, ಪರ್ಷಿಯನ್ ಬಾಗಿಲಿನಿಂದ. ಪರ್ಷಿಯನ್‌ನಲ್ಲಿ ಕಟ್ಟು, ಮುಚ್ಚು ಎಂಬ ಅರ್ಥದ ಕ್ರಿಯಾಪದ ‘ಬಸ್ತನ್’. ಅದರ ಒಂದು ರೂಪ ‘ಬಂದ್’, ಇನ್ನೊಂದು ರೂಪ ‘ಬಸ್ತ್’. ಅಂಗಡಿ ಬಂದ್, ರಸ್ತೆ ಬಂದ್ ಎನ್ನುವ ಬಂದ್ ಅದೇ, ಹಾಗಾಗಿಯೇ ಅಲ್ಲಿ ‘ದ’ ಅಲ್ಪಪ್ರಾಣ. ಎರಡೂ ರೂಪಗಳನ್ನು ಸೇರಿಸಿದರೆ ‘ಬಂದ್-ಒ-ಬಸ್ತ್’, ಕಟ್ಟುವುದು ಮತ್ತು ಬಿಗಿಯುವುದು. ನಮ್ಮ ಬಂದೋಬಸ್ತ್. ಅದರೊಳಗಿನ ‘ಬಸ್ತ್’ ಮತ್ತು ಸಂಸ್ಕೃತದ ‘ಬದ್ಧ’ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ರೂಪಗಳು, ಧಾತು ಒಂದೇ, ಪ್ರತ್ಯಯವೂ ಒಂದೇ. ‘ಪೊಲೀಸ್ ಬಂದೋಬಸ್ತ್‌ಗೆ ಬದ್ಧ’ ಎಂದು ಯಾರಾದರೂ ಬರೆದರೆ ಅವರು ಒಂದೇ ಧಾತುವನ್ನು ಮೂರು ಸಲ ಬಳಸಿದಂತೆ.

ಬಿಂದ್ ಬೈಂಡ್ ಆದದ್ದು

ಹಳೆಯ ‘ಬಿಂದನ್’ ಇವತ್ತು ‘ಬೈಂಡ್’ ಎಂದು ಯಾಕೆ ಕೇಳಿಸುತ್ತದೆ? ಎರಡು ಹೆಜ್ಜೆ. ಹಳೆಯ ಇಂಗ್ಲಿಷಿನಲ್ಲಿ ‘ನ್ಡ್’, ‘ಲ್ಡ್’ನಂಥ ಜೋಡಿ ವ್ಯಂಜನಗಳ ಹಿಂದಿನ ಸ್ವರ ದೀರ್ಘವಾಯಿತು, ಬಿಂಡ್ ಎಂಬುದು ಬೀಂಡ್ ಆಯಿತು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಈ ದೊಡ್ಡ ಪಲ್ಲಟದಲ್ಲಿ ‘ಈ’ ಇದ್ದದ್ದು ‘ಐ’ ಆಯಿತು, ‘ಊ’ ಇದ್ದದ್ದು ‘ಔ’ ಆಯಿತು. ಬೀಂಡ್ ಬೈಂಡ್ ಆದದ್ದು, ಬೂಂಡ್ ಬೌಂಡ್ ಆದದ್ದು ಹಾಗೆ. ಫೈಂಡ್-ಫೌಂಡ್, ಗ್ರೈಂಡ್-ಗ್ರೌಂಡ್ ಜೋಡಿಗಳದೂ ಇದೇ ಕಥೆ.

ಮೂರನೆಯ ವ್ಯಂಜನ ಒಂದು ಸೇರಿದರೆ ಸ್ವರ ದೀರ್ಘವಾಗುತ್ತಿರಲಿಲ್ಲ. ‘ಚೈಲ್ಡ್’ ಬಹುವಚನದಲ್ಲಿ ‘ಚೈಲ್ಡ್ರನ್’ ಆಗದೆ ‘ಚಿಲ್ಡ್ರನ್’ ಆಗುವುದೇಕೆ ಎಂದು ಶಾಲೆಯಲ್ಲಿ ತಲೆ ಕೆಡಿಸಿಕೊಂಡವರಿಗೆ ಉತ್ತರ ಇಲ್ಲಿದೆ.

ಬ್ಯಾಂಡ್, ಬಾಂಡ್, ಬೆಂಡ್

ಸಿಂಗ್-ಸ್ಯಾಂಗ್-ಸಂಗ್ ಎಂಬಲ್ಲಿ ನಡುವಿನ ಸ್ವರ ಬದಲಾಗುವ ಹಾಗೆ ಈ ಧಾತುವಿನ ಸ್ವರವೂ ಬದಲಾಗಿ ಬೇರೆ ಬೇರೆ ಪದಗಳು ಹುಟ್ಟಿದವು.

‘ಬ್ಯಾಂಡ್’ ಎಂದರೆ ಕಟ್ಟುವ ಪಟ್ಟಿ. ರಬ್ಬರ್ ಬ್ಯಾಂಡ್, ಹೇರ್ ಬ್ಯಾಂಡ್. ಇದು ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯನ್ನರ ಭಾಷೆಯಿಂದ ಒಮ್ಮೆ, ಫ್ರೆಂಚ್ ಸುತ್ತುದಾರಿಯಿಂದ ಇನ್ನೊಮ್ಮೆ ಬಂತು. ಆ ಸುತ್ತುದಾರಿಯಲ್ಲೇ ‘ಬ್ಯಾಂಡೇಜ್’ ಬಂತು. ವಾದ್ಯದವರ ಬ್ಯಾಂಡ್ ಮಾತ್ರ ಸ್ವಲ್ಪ ಬೇರೆ. ಗುಂಪು ಎಂಬ ಅರ್ಥದ ಆ ಫ್ರೆಂಚ್ ಪದದ ಹಿಂದೆ, ಗುಂಪನ್ನು ಕಟ್ಟಿದ ಹಗ್ಗದ ಬದಲು, ಗುಂಪು ಕೂಡುತ್ತಿದ್ದ ಬಾವುಟದ ಹೆಸರನ್ನು ಕಾಣುವ ವಿದ್ವಾಂಸರಿದ್ದಾರೆ.

‘ಬಾಂಡ್’ ಎಂಬುದು ಬ್ಯಾಂಡ್‌ನದೇ ಉಚ್ಚಾರಭೇದ. ಮೊದಲು ಸಂಕೋಲೆ, ಆಮೇಲೆ ಜನರ ನಡುವಿನ ನಂಟು, ಆಮೇಲೆ ಹಣ ಕೊಡುತ್ತೇನೆಂದು ತನ್ನನ್ನು ಕಟ್ಟಿಹಾಕಿಕೊಂಡು ಬರೆದುಕೊಟ್ಟ ಪತ್ರ. ಸರ್ಕಾರಗಳು ಹೊರಡಿಸುವ ಸಾಲಪತ್ರಕ್ಕೂ, ಕೆಲಸಕ್ಕೆ ಸೇರುವಾಗ ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲ ಎಂದು ಬರೆದುಕೊಡುವ ಮುಚ್ಚಳಿಕೆಗೂ ಬಾಂಡ್ ಎಂಬ ಹೆಸರು ಬಂದದ್ದು ಹೀಗೆ. ಅಂಥ ಪತ್ರಗಳಿಗೆ ಬಾಳಿಕೆ ಬರುವ ಗಟ್ಟಿ ಕಾಗದ ಬೇಕಿತ್ತು, ಆ ಕಾಗದವೇ ಬಾಂಡ್ ಪೇಪರ್.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಬೆಂಡ್’. ಬಾಗು, ಬಗ್ಗಿಸು ಎಂಬ ಅರ್ಥಕ್ಕೂ ಕಟ್ಟುವುದಕ್ಕೂ ಏನು ಸಂಬಂಧ? ಬಿಲ್ಲು. ಬಿದಿರಿನಂಥ ನೇರವಾದ ಕೋಲಿನ ಒಂದು ತುದಿಗೆ ಹೆದೆಯನ್ನು ಕಟ್ಟಿ, ಕೋಲನ್ನು ಕಾಲಿಗೆ ಆನಿಸಿ ಒತ್ತಿ, ಹೆದೆಯನ್ನು ಇನ್ನೊಂದು ತುದಿಗೆ ಬಿಗಿಯುವ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಿ. ಹೆದೆ ಕಟ್ಟಿದೊಡನೆ ಕೋಲು ಬಾಗಿ ನಿಲ್ಲುತ್ತದೆ. ಹಳೆಯ ಇಂಗ್ಲಿಷಿನ ‘ಬೆಂದನ್’ ಎಂದರೆ ಬಿಲ್ಲಿಗೆ ಹೆದೆ ಕಟ್ಟಿ ಬಿಗಿಯುವುದು. ಕಟ್ಟುವ ಕೆಲಸದ ಹೆಸರು ಅದರಿಂದ ಆಗುವ ಬಾಗಿಗೆ ಬಂತು, ಕಟ್ಟು ಮರೆತುಹೋಯಿತು. ನಾವಿಕರ ಬಾಯಲ್ಲಿ ಮಾತ್ರ ಹಳೆಯ ಅರ್ಥ ಉಳಿದಿದೆ. ಎರಡು ಹಗ್ಗಗಳನ್ನು ಸೇರಿಸುವ ಗಂಟಿಗೆ ಅವರು ಇವತ್ತಿಗೂ ‘ಬೆಂಡ್’ ಎನ್ನುತ್ತಾರೆ.

ಭಾರತದಿಂದ ಇಂಗ್ಲಿಷಿಗೆ ಹೋದ ದಾಯಾದಿಗಳೂ ಇದ್ದಾರೆ. ಬಟ್ಟೆಯನ್ನು ಅಲ್ಲಲ್ಲಿ ಗಂಟು ಕಟ್ಟಿ ಬಣ್ಣದಲ್ಲಿ ಅದ್ದುವ ಕಸುಬಿನ ಹಿಂದಿ ಹೆಸರು ‘ಬಾಂಧ್ನೂ’, ಅದರಿಂದ 18ನೇ ಶತಮಾನದಲ್ಲಿ ‘ಬಂಡಾನ’ ಆಯಿತು. ಸೊಂಟಕ್ಕೆ ಸುತ್ತುವ ಪಟ್ಟಿಯ ಪರ್ಷಿಯನ್ ಹೆಸರು ‘ಕಮರ್‌ಬಂದ್’, ಅದು ‘ಕಮರ್‌ಬಂಡ್’ ಆಗಿ ಇಂಗ್ಲಿಷರ ಔತಣಕೂಟದ ಉಡುಪಿಗೆ ಸೇರಿತು. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಎರಡು ಕವಲುಗಳು ಹೀಗೆ ಒಂದೇ ನಿಘಂಟಿನಲ್ಲಿ ಅಕ್ಕಪಕ್ಕ ಬಂದು ಕೂತವು.

ಹೋಲಿಕೆ ನಂಬಿ ಮೋಸಹೋಗುವ ಜಾಗ

‘ಬೌಂಡ್’ ಎಂದು ಕಂಡದ್ದೆಲ್ಲ ಬೈಂಡ್‌ನ ಮಗುವಲ್ಲ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ನಾಲ್ಕು ‘ಬೌಂಡ್’ಗಳಿವೆ. ಕಟ್ಟಲ್ಪಟ್ಟ ಎಂಬುದು ಒಂದು. ಗಡಿ ಎಂಬ ಅರ್ಥದ, ‘ಬೌಂಡರಿ’ ಬಂದ ಬೌಂಡ್ ಹಳೆಯ ಫ್ರೆಂಚಿನದು. ‘ರೀಬೌಂಡ್’ನಲ್ಲಿರುವ, ಪುಟಿ ಎಂಬ ಅರ್ಥದ್ದು ಇನ್ನೊಂದು ಫ್ರೆಂಚ್ ಕ್ರಿಯಾಪದದಿಂದ. ನಾಲ್ಕನೆಯದು ‘ಉತ್ತರಕ್ಕೆ ಹೊರಟ’ ಎನ್ನುವಲ್ಲಿನ ‘ನಾರ್ತ್‌ಬೌಂಡ್’. ಇದು ಸ್ಕ್ಯಾಂಡಿನೇವಿಯನ್ ‘ಬೂಯಿನ್’, ಅಂದರೆ ಸಿದ್ಧನಾದ, ಹೊರಟುನಿಂತ. ಕೊನೆಯ ‘ಡ್’ ಬೇರೆ ಬೌಂಡ್‌ಗಳನ್ನು ನೋಡಿ ಅಂಟಿಕೊಂಡದ್ದು. ಹಾಗಾಗಿಯೇ ‘ನಾರ್ತ್‌ಬೌಂಡ್’ ರೈಲು ಚಲಿಸುತ್ತಿರುತ್ತದೆ, ‘ಸ್ನೋಬೌಂಡ್’ ರೈಲು ಹಿಮದಲ್ಲಿ ಸಿಕ್ಕಿ ನಿಂತಿರುತ್ತದೆ. ಪದದ ಆಕಾರ ಒಂದೇ, ಅರ್ಥ ಎದುರುಬದುರು.

ಇನ್ನೂ ದೊಡ್ಡ ಮೋಸ ‘ಬಾಂಡೇಜ್’ ಎಂಬ ಪದದ್ದು. ದಾಸ್ಯ ಎಂಬ ಅರ್ಥ ಇರುವುದರಿಂದ ಸಂಕೋಲೆಯ ‘ಬಾಂಡ್’ನಿಂದಲೇ ಬಂದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಸ್ಕ್ಯಾಂಡಿನೇವಿಯನ್ ಭಾಷೆಯಲ್ಲಿ ‘ಬೋಂಡಿ’ ಎಂದರೆ ನೆಲೆ ನಿಂತು ಬಾಳುವವನು, ಸ್ವಂತ ಹೊಲಮನೆ ಇರುವ ಗೃಹಸ್ಥ. ಇಂಗ್ಲೆಂಡಿಗೆ ಬಂದಾಗಲೂ ಅವನು ಸ್ವತಂತ್ರ ಒಕ್ಕಲಿಗನೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ನೆಲದ ಒಡೆತನ ಕೈಬದಲಾಯಿತು, ಒಕ್ಕಲಿಗ ಕ್ರಮೇಣ ಧಣಿಯ ಜಮೀನಿಗೆ ಅಂಟಿದ ಜೀತಗಾರನಾದ. ಹೆಸರು ಅದೇ ಉಳಿಯಿತು, ಸ್ಥಾನ ಕುಸಿಯಿತು. ಸಂಕೋಲೆಯ ‘ಬಾಂಡ್’ ಪಕ್ಕದಲ್ಲೇ ಇದ್ದುದರಿಂದ ಎರಡೂ ಬೆರೆತುಹೋದವು. ಒಂದು ವರ್ಗದ ಜನರಿಗೆ ಆದ ಅನ್ಯಾಯ ಒಂದು ಪದದ ಅರ್ಥದಲ್ಲಿ ದಾಖಲಾಗಿ ಕೂತಿದೆ.

ಅದೇ ಬೋಂಡಿ ‘ಹಸ್ಬೆಂಡ್’ ಪದದಲ್ಲಿ ತನ್ನ ಹಳೆಯ ಗೌರವ ಉಳಿಸಿಕೊಂಡಿದ್ದಾನೆ. ‘ಹೂಸ್’ ಎಂದರೆ ಮನೆ, ‘ಹಸ್ಬೆಂಡ್’ ಎಂದರೆ ಮನೆಯ ಯಜಮಾನ. ಬೇಸಾಯ, ದನಕರು ನೋಡಿಕೊಳ್ಳುವುದು ಅವನ ಕೆಲಸ; ಪಶುಸಂಗೋಪನೆಗೆ ‘ಅನಿಮಲ್ ಹಸ್ಬೆಂಡ್ರಿ’ ಎಂಬ ವಿಚಿತ್ರ ಹೆಸರು ಬಂದದ್ದು ಇಲ್ಲಿಂದ. ಬೋಂಡಿಯ ಮೂಲಧಾತುವನ್ನು ಹಿಡಿದು ಹಿಂದೆ ಹೋದರೆ ಸಿಗುವುದು ‘ಬಂಧ್’ ಅಲ್ಲ, ಸಂಸ್ಕೃತದ ‘ಭೂ’, ಇರು, ಆಗು. ಭವನ ಎಂಬಲ್ಲಿರುವ ಧಾತು ಅದು. ಹಸ್ಬೆಂಡ್ ಬಂಧನದ ನೆಂಟನಲ್ಲ, ಭವನದ ನೆಂಟ.

ಹಗ್ಗ ಕಾಣದ ಕಟ್ಟುಗಳು

ವಿಜ್ಞಾನ ಈ ಪದವನ್ನು ಬಹಳ ಕಡೆ ಬಳಸುತ್ತದೆ. ಪರಮಾಣುಗಳನ್ನು ಹಿಡಿದಿಡುವ ನಂಟಿಗೆ ‘ಬಾಂಡ್’ ಎಂದು 1866ರಲ್ಲಿ ಕರೆದವನು ಎಡ್ವರ್ಡ್ ಫ್ರಾಂಕ್ಲೆಂಡ್, ಕನ್ನಡದಲ್ಲಿ ಅದು ರಾಸಾಯನಿಕ ಬಂಧ. ಕಂಪ್ಯೂಟರಿನಲ್ಲಿ ಒಂದು ಹೆಸರನ್ನು ಒಂದು ಬೆಲೆಗೆ, ಒಂದು ಕೀಲಿಯನ್ನು ಒಂದು ಆಜ್ಞೆಗೆ ಗಂಟು ಹಾಕುವುದು ‘ಬೈಂಡಿಂಗ್’.

ದೇಹದೊಳಗಿನ ಉದಾಹರಣೆ ಸ್ವಲ್ಪ ನಿಂತು ನೋಡುವಂಥದ್ದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ‘ಬೈಂಡ್’ ಮಾಡುತ್ತದೆ ಎನ್ನುತ್ತಾರೆ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ಆಮ್ಲಜನಕದ 4 ಅಣುಗಳಿಗೆ ಜಾಗ. ಶ್ವಾಸಕೋಶದಲ್ಲಿ ಕಟ್ಟಿಕೊಂಡದ್ದನ್ನು ಸ್ನಾಯುವಿಗೆ ಬಂದಾಗ ಬಿಚ್ಚಿ ಕೊಡಬೇಕು, ಬಿಚ್ಚದಿದ್ದರೆ ಕಟ್ಟಿಕೊಂಡು ಪ್ರಯೋಜನವಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಪಾಯಕಾರಿಯಾಗುವುದು ಇಲ್ಲೇ. ಅದೇ ಜಾಗದಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ, ಸುಲಭಕ್ಕೆ ಬಿಚ್ಚುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಬಾರದು ಎನ್ನುವುದಕ್ಕೆ ಕಾರಣ ಈ ಬಿಚ್ಚದ ಗಂಟು.

ಮಾತು ಮನುಷ್ಯನನ್ನು ಕಟ್ಟುವುದು

ಈಗ ಕರಾರಿನ ಪುಟಕ್ಕೆ ಬರೋಣ. ಕೊಟ್ಟ ಮಾತನ್ನು ಹಗ್ಗದ ಹಾಗೆ ಕಾಣುವುದು ಕಾನೂನಿನಲ್ಲಿ ಬಹಳ ಹಳೆಯದು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ರೋಮನ್ ಕಾನೂನಿನ ಪಠ್ಯ ಹೊಣೆಗಾರಿಕೆಯನ್ನು ಕಾನೂನಿನ ‘ವಿಂಕುಲಂ’ ಎಂದು ವಿವರಿಸುತ್ತದೆ, ವಿಂಕುಲಂ ಎಂದರೆ ಕಟ್ಟು, ಸಂಕೋಲೆ. ಹೊಣೆಗೆ ಇಂಗ್ಲಿಷ್ ಬಳಸುವ ‘ಆಬ್ಲಿಗೇಷನ್’ ಕೂಡ ಕಟ್ಟು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದಲೇ ಆದದ್ದು. ಮೂಳೆಗಳನ್ನು ಕಟ್ಟಿಡುವ ‘ಲಿಗಮೆಂಟ್’ ಅದರ ಒಡಹುಟ್ಟು. ಇಂಗ್ಲೆಂಡಿನ 1361ರ ಕಾಯ್ದೆಯೊಂದರ ಆಧಾರದಲ್ಲಿ, ಗಲಾಟೆ ಮಾಡುವವನನ್ನು ಶಾಂತಿ ಕಾಪಾಡುವಂತೆ ನ್ಯಾಯಾಲಯ ‘ಬೈಂಡ್ ಓವರ್’ ಮಾಡಬಹುದು. ಅವನ ಕೈಗೆ ಹಗ್ಗ ಬೀಳುವುದಿಲ್ಲ. ಮಾತು ಮುರಿದರೆ ಇಷ್ಟು ಹಣ ಕಳೆದುಕೊಳ್ಳುತ್ತೇನೆ ಎಂಬ ಒಪ್ಪಿಗೆಯೇ ಹಗ್ಗ.

ಒಂದು ದಸ್ತಾವೇಜು ‘ಬೈಂಡಿಂಗ್’ ಎಂದರೆ ಅರ್ಥ ಇಷ್ಟು: ಮನಸ್ಸು ಬದಲಾಯಿತು ಎಂದು ಅದರಿಂದ ಸುಮ್ಮನೆ ಹೊರನಡೆಯಲು ಬರುವುದಿಲ್ಲ, ನಡೆದರೆ ಇನ್ನೊಂದು ಕಡೆಯವರು ನ್ಯಾಯಾಲಯಕ್ಕೆ ಹೋಗಬಹುದು. ‘ನಾನ್-ಬೈಂಡಿಂಗ್’ ಎಂದರೆ ಉದ್ದೇಶ ಹೇಳಿಕೊಂಡಿದ್ದೇವೆ, ಗಂಟು ಇನ್ನೂ ಹಾಕಿಲ್ಲ. ಕಂಪನಿಗಳು ವ್ಯವಹಾರದ ಆರಂಭದಲ್ಲಿ ಬರೆದುಕೊಳ್ಳುವ ಆಶಯಪತ್ರಗಳು ಹೆಚ್ಚಾಗಿ ಈ ಎರಡನೆಯ ಬಗೆಯವು. ವ್ಯಾಜ್ಯದಲ್ಲೂ ಈ ವ್ಯತ್ಯಾಸವಿದೆ. ಸಂಧಾನಕಾರ ಸೂಚಿಸಿದ್ದನ್ನು ಬೇಡ ಎನ್ನಬಹುದು. ‘ಬೈಂಡಿಂಗ್ ಆರ್ಬಿಟ್ರೇಷನ್’ಗೆ ಒಪ್ಪಿದ್ದರೆ ಪಂಚರು ಕೊಟ್ಟ ತೀರ್ಪಿಗೆ ತಲೆಬಾಗಬೇಕು, ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಲು ಇರುವ ಕಾರಣಗಳು ತೀರ ಕಡಿಮೆ. ಆ್ಯಪ್‌ಗಳ ಕರಾರಿನಲ್ಲಿ ಈ ಮಾತು ಕಂಡರೆ ಆ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು.

ದೇಶಗಳಿಗೂ ಇದೇ ಲೆಕ್ಕ. ಜಾರಿಯಲ್ಲಿರುವ ಒಪ್ಪಂದ ಅದಕ್ಕೆ ಸಹಭಾಗಿಗಳಾದ ದೇಶಗಳನ್ನು ಕಟ್ಟುತ್ತದೆ, ಅವು ಅದನ್ನು ಪ್ರಾಮಾಣಿಕವಾಗಿ ಪಾಲಿಸಬೇಕು ಎನ್ನುತ್ತದೆ 1969ರ ವಿಯೆನ್ನಾ ಒಪ್ಪಂದದ 26ನೇ ವಿಧಿ. ವಿಶ್ವಸಂಸ್ಥೆಯ ಸನ್ನದಿನ 25ನೇ ವಿಧಿಯ ಪ್ರಕಾರ ಭದ್ರತಾ ಮಂಡಳಿಯ ನಿರ್ಧಾರಗಳನ್ನು ಸದಸ್ಯ ದೇಶಗಳು ಒಪ್ಪಿ ನಡೆಸಬೇಕು. ಸಾಮಾನ್ಯ ಸಭೆಯ ನಿರ್ಣಯಗಳು, ಬಜೆಟ್‌ನಂಥ ಒಳ ಆಡಳಿತದ ವಿಷಯಗಳನ್ನು ಬಿಟ್ಟರೆ, ಬಹುತೇಕ ಶಿಫಾರಸುಗಳು. ಸುದ್ದಿಯಲ್ಲಿ ‘ನಾನ್-ಬೈಂಡಿಂಗ್’ ಎಂಬ ವಿಶೇಷಣ ಪದೇ ಪದೇ ಬರುವುದು ಈ ಕಾರಣಕ್ಕೆ.

ಗಂಟು ಇದೆಯೇ ಎಂಬಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ, ಹಗ್ಗ ಯಾರ ಸುತ್ತ ಹೋಗಿದೆ? ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 59ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ನ್ಯಾಯಾಲಯದ ತೀರ್ಪು ಆ ಮೊಕದ್ದಮೆಯ ಕಕ್ಷಿಗಾರರನ್ನು ಮಾತ್ರ, ಅದೂ ಆ ಒಂದು ಮೊಕದ್ದಮೆಯ ಮಟ್ಟಿಗೆ ಮಾತ್ರ ಕಟ್ಟುತ್ತದೆ. ಪಕ್ಕದಲ್ಲಿ ನಿಂತು ನೋಡುತ್ತಿರುವ ದೇಶದ ಸುತ್ತ ಆ ಹಗ್ಗ ಬಂದಿಲ್ಲ.